ಒಪ್ಪಿದೀನಿ ಸ್ವಾಮಿ

ಕಡೂರು,
ಗುರುವಾರ, ೧೩ ನವೆಂಬರ್ ೨೦೨೫

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿ ಊತ ಇಳಿದಿದೆಯಾ? ಅಣೆಕಟ್ಟಿನ ಕಡೆ ಈಗ ಬೆಳಗಿನ ಥಂಡಿ ಜಾಸ್ತಿ. ಅತ್ತೆ ನಿನಗೆ ದಪ್ಪ ಕಂಬಳಿ ಕೊಟ್ಟಿರಬೇಕು ಅಂದುಕೊಂಡಿದ್ದೇನೆ. ನಿನ್ನ ಬಿ.ಪಿ. ಮಾತ್ರೆಯ ಡಬ್ಬಿ ಮಾತ್ರ ಹದಿನೇಳು ದಿನದಿಂದ ನಮ್ಮ ಗೋಡೆಯ ಗೂಡಿನಲ್ಲೇ ಕೂತಿತ್ತು. ಕೋರ್ಟಿಗೆ ಹೋಗುವಾಗ ಯಾರಾದರೂ ಮಾತ್ರೆ ಜೇಬಿಗೆ ಹಾಕಿಕೊಂಡು ಹೋಗ್ತಾರಾ ಅಂತ ನೀನು ಕೇಳಬಹುದು. ಕೋರ್ಟಿನಿಂದ ಮನೆಗೆ ಬಾರದೆ ಸೀದಾ ತರೀಕೆರೆ ಬಸ್ಸು ಹತ್ತುವವರು ಹಾಕಿಕೊಂಡೇ ಹೋಗಬೇಕು. ಕಲ್ಲೇಶನ ಗೂಡ್ಸ್ ಗಾಡಿ ಇವತ್ತು ರಾತ್ರಿ ಇಲ್ಲಿಂದ ಹೊರಟು ನಾಳೆ ಲಕ್ಕವಳ್ಳಿಗೆ ಬರುತ್ತಿದೆ. ಮಾತ್ರೆ, ಸ್ವೆಟರ್, ಈ ಕಾಗದ ಮೂರನ್ನೂ ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಮಾತ್ರೆ ನುಂಗಿದ ಮೇಲೆ ಕಾಗದ ಕೇಳು. ನೀನು ಅಕ್ಷರ ಕೂಡಿಸಿಕೊಂಡು ಓದುವಷ್ಟರಲ್ಲಿ ಸೋಮವಾರ ಬಂದುಬಿಡುತ್ತದೆ, ಆದ್ದರಿಂದ ಅತ್ತೆಯ ಮಗಳು ಸ್ಫೂರ್ತಿ ಓದಿ ಹೇಳಲಿ. ಸ್ಫೂರ್ತಿ, ನಿಧಾನವಾಗಿ, ಜೋರಾಗಿ ಓದು. ನಿಮ್ಮ ಮಾವ ಮಧ್ಯದಲ್ಲಿ ಎದ್ದು ಬೀಡಿ ಹಚ್ಚಲು ಹೊರಟರೆ ಪಂಚೆ ಹಿಡಿದು ಕೂರಿಸು. ಮತ್ತೆ, ಇದು ಮನೆಯ ಹೊಸಿಲು ದಾಟಬಾರದು.

ಕಾಗದ ಯಾಕೆ ಬರೀತೀಯ, ಫೋನ್ ಮಾಡಬಾರದಾ ಅಂತ ಅತ್ತೆ ಬೈಯಬಹುದು. ಯಾವ ಫೋನಿಗೆ ಮಾಡಲಿ? ನಿನ್ನ ಫೋನನ್ನು ಕೋರ್ಟಿಗೆ ಜೊತೆಗೆ ಬಂದಿದ್ದ ಬೀರಪ್ಪನ ಕೈಗೆ ತುರುಕಿ, "ಇದ್ರಾಗೆ ಇರೋ ಜಾಗ ಗೊತ್ತಾಯ್ತದಂತೆ, ನನ್ನ ಮಗಳಿಗೆ ಕೊಟ್ಬುಡು" ಅಂದೆಯಂತೆ. ನೀನು ಲಕ್ಕವಳ್ಳಿಯಲ್ಲಿ ಇರುವುದು ಹಟ್ಟಿಯ ಕೂಸುಗಳಿಗೂ ಗೊತ್ತು. ನಿನ್ನ ತಂಗಿಯ ಮನೆ ಬಿಟ್ಟರೆ ನಿನಗೆ ಹೋಗಲು ಇನ್ಯಾವ ಊರಿದೆ? ಅತ್ತೆಯ ಫೋನಿಗೆ ಮಾಡಿದಾಗಲೆಲ್ಲ ನೀನು ಸ್ನಾನಕ್ಕೆ ಹೋಗಿರುತ್ತೀಯ. ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುವ ಮನುಷ್ಯನನ್ನು ನಮ್ಮ ವಂಶದಲ್ಲಿ ನಾನು ಇದೇ ಮೊದಲು ಕೇಳಿದ್ದು.

ಮನೆಯ ಕಡೆ ಎಲ್ಲ ಸುಖ. ಕೆಂದಿ ಕರು ಹಾಕಿದೆ, ಹೆಣ್ಣು ಕರು, ಹಣೆಯಲ್ಲಿ ಬಿಳಿ ಚುಕ್ಕಿ. ಅವ್ವ ಮೊನ್ನೆಯವರೆಗೂ ಹಾಲು ಕರೆಯುವಾಗಲೂ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಎಷ್ಟು ಹೆದರಬೇಕು ಅನ್ನುವುದು ನಿನಗೇ ಗೊತ್ತಲ್ಲ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಅಪ್ಪಾ, ಎರಡು ವರ್ಷದಿಂದ ಹಟ್ಟಿಯಲ್ಲಿ, ಬಸ್ಸಿನಲ್ಲಿ, ಎಮ್ಮೆದೊಡ್ಡಿಯ ಟೀ ಅಂಗಡಿಯಲ್ಲಿ, "ನನ್ನ ಮಗಳು ಯೂನಿವರ್ಸಿಟೀಲಿ ಲಾ ಓದ್ತಾವಳೆ" ಅಂತ ಸಾರಿಕೊಂಡು ಬಂದೆ. ನಾನು ಓದುತ್ತಿರುವುದು ಲಾ ಅಲ್ಲ, ಕಾನೂನಿನ ಸಮಾಜಶಾಸ್ತ್ರ ಅಂತ ಎಷ್ಟು ಸಲ ಹೇಳಿದೆ? ಕಾನೂನು ಪುಸ್ತಕದಲ್ಲಿ ಒಂದು ಥರ ಇರುತ್ತದೆ. ಅದು ಜನರ ಮನೆ ಬಾಗಿಲಿಗೆ ಬಂದಾಗ ಜನ ಅದನ್ನು ಏನು ಮಾಡುತ್ತಾರೆ, ಅದು ಜನರನ್ನು ಏನು ಮಾಡುತ್ತದೆ, ಅದನ್ನು ಓದುವುದು ಅಂತ ಬಿಡಿಸಿ ಬಿಡಿಸಿ ಹೇಳಿದೆ. ಎಲ್ಲ ಕೇಳಿಸಿಕೊಂಡು ನೀನು, "ಹಂಗಾರೆ ಕರಿಕೋಟು ಯಾವಾಗ ಕೊಡ್ತಾರೆ?" ಅಂದೆ. ಕೊಡುವುದಿಲ್ಲ ಅಂದಾಗ ನಿನ್ನ ಮುಖ ಸಣ್ಣದಾಯಿತು. ಆಮೇಲೆ ಏನೋ ಹೊಳೆದವನ ಹಾಗೆ, "ಹಂಗಾರೆ ನಮ್ಮನ್ನೇ ಓದ್ತೀಯ ಅನ್ನು. ನಮ್ಮಲ್ಲೇನೈತಮ್ಮಿ ಓದಾಕೆ?" ಅಂತ ನಕ್ಕೆ. ಇದ್ದದ್ದು ಏನು ಅಂತ ಹೇಳಿಕೊಟ್ಟವನೂ ನೀನೇ.

ಶ್ರಾವಣದಲ್ಲಿ ನೀನು ಹೋರಿ ನೋಡಲು ಅಜ್ಜಂಪುರಕ್ಕೆ ಬಂದಿದ್ದೆಯಲ್ಲ, ಆವತ್ತು ನಾನು ಹಾಸ್ಟೆಲಿನಿಂದ ಬಸ್ಸಿನಲ್ಲಿ ಬಂದು ಸೇರಿಕೊಂಡೆ. ಗಲಾಟೆ ಇಲ್ಲದ ಜಾಗ ಬೇಕು ಅಂತ ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತೆವು. ಸಂಶೋಧನೆಗೆ ಒಪ್ಪಿಗೆ ಕೇಳುವ ಒಂದು ಹಾಳೆಯನ್ನು ನಾನು ಮುಂದಿಟ್ಟೆ. "ಸೈನ್ ಎಲ್ಲಿ ಹಾಕ್ಬೇಕು ಹೇಳು" ಅಂದೆ ನೀನು. ತೋರಿಸಿದೆ. ನೀನು ಸೊಟ್ಟಗೆ ಹೊನ್ನಯ್ಯ ಅಂತ ಬರೆದೆ. ನಾನು ಫೋನಿನ ರೆಕಾರ್ಡರ್ ಒತ್ತಿ ಮಧ್ಯದಲ್ಲಿಟ್ಟೆ. ಕಡಲೆಕಾಯಿ ಸುಲಿಯುತ್ತಾ ನೀನು ಕೇಸಿನ ಪಾಳಿಯ ಕಥೆ ಹೇಳಿದೆ. ನಾನು ಆ ಹಟ್ಟಿಯಲ್ಲೇ ಹುಟ್ಟಿ ಬೆಳೆದವಳು, ಗಂಡಸರು ಒಬ್ಬೊಬ್ಬರಾಗಿ ಕೋರ್ಟಿಗೆ ಹೋಗಿ ಬರುವುದನ್ನು ನೋಡುತ್ತಾ ದೊಡ್ಡವಳಾದವಳು. ಆದರೂ ಅದರ ಹಿಂದೆ ಇಷ್ಟು ಕಟ್ಟುನಿಟ್ಟಿನ ಲೆಕ್ಕಾಚಾರ ಇದೆ ಅಂತ ಗೊತ್ತಿರಲಿಲ್ಲ. ನಮ್ಮ ದನ ಸರ್ಕಾರಿ ಹುಲ್ಲುಗಾವಲಾದ ಕಾವಲಿನ ಗಡಿ ದಾಟಿ ಮೇಯುತ್ತವೆ, ಫಾರೆಸ್ಟ್ ಗಾರ್ಡು ಮೇಲಿನವರಿಗೆ ಆಗಾಗ ಒಂದು ಕೇಸು ತೋರಿಸಲೇಬೇಕು. ಹಿಂದೆ ಸಿಕ್ಕಿದವರನ್ನು ಎಳೆದೊಯ್ಯುತ್ತಿದ್ದರು, ನೀನು ತೋರಿಸಿಕೊಟ್ಟೆ, ಅವನು ತೋರಿಸಿಕೊಟ್ಟ ಅಂತ ಮನೆ ಮನೆಗೂ ಜಗಳ. ಅದಕ್ಕೆ ಹಿರಿಯರು ಕೂತು ಮನೆಗೊಂದು ಪಾಳಿ ಮಾಡಿದರು. ಗಾರ್ಡು ಬಂದು ಕೇಳಿದರೆ ಯಜಮಾನ ಪಾಳಿಯವನ ಹೆಸರು ಕೊಡುವುದು. ಪಾಳಿಯವನು ಕ್ಷೌರ ಮಾಡಿಸಿ, ಮಡಿ ಪಂಚೆ ಉಟ್ಟು, ಕಡೂರಿಗೆ ಹೋಗಿ, ಏನು ಓದಿದರೂ "ಒಪ್ಪಿದೀನಿ ಸ್ವಾಮಿ" ಅನ್ನುವುದು. ದಂಡ ಎಲ್ಲ ಮನೆಯದು. ಆವತ್ತಿನ ಬುತ್ತಿ ಮುಂದಿನ ಪಾಳಿಯ ಮನೆಯದು. "ಮೂವತ್ತು ವರ್ಷದಿಂದ ಒಂದು ಜಗಳ ಇಲ್ಲ ಕಣಮ್ಮಿ" ಅಂತ ನೀನು ಎದೆಯುಬ್ಬಿಸಿ ಹೇಳಿದೆ. ನನಗೂ ಹೆಮ್ಮೆಯಾಯಿತು. ಸುಳ್ಳು ಹೇಳುವುದಿಲ್ಲ.

ಆ ಹೆಮ್ಮೆ ನೆನೆದರೆ ಈಗ ಮೈ ಉರಿಯುತ್ತದೆ. ಮಾಡದ ತಪ್ಪನ್ನು ಸರದಿಯಲ್ಲಿ ನಿಂತು ಒಪ್ಪಿಕೊಳ್ಳುವುದನ್ನು ಒಂದು ಇಡೀ ಹಟ್ಟಿ ಕಲಿತಿದೆ, ಅದನ್ನೇ ಒಗ್ಗಟ್ಟು ಅಂದುಕೊಂಡಿದೆ. ನಮ್ಮ ಅಜ್ಜನ ಕಾಲದಿಂದ ದನ ಮೇಯುತ್ತಿದ್ದ ಹುಲ್ಲು ಯಾರದು ಅಂತ ಒಬ್ಬರೂ ಒಂದು ದಿನವೂ ಕೇಳಲಿಲ್ಲ. ಕೇಳುವ ಬಾಯನ್ನೇ ಪಾಳಿಯಲ್ಲಿ ಅಡವಿಟ್ಟಿದ್ದೆವು. ಹೊಸ ಗಾರ್ಡು ಬಂದ. ಯಾರೋ ಟ್ರ್ಯಾಕ್ಟರಿನವರು ಕಾವಲಿಗೆ ನುಗ್ಗಿ ಮರ ಕಡಿದರು, ತಡೆಯಲು ಹೋದವನನ್ನು ತಳ್ಳಿ ಕೆಡವಿದರು. ತಳ್ಳಿದವರ ಹೆಸರು ಹೇಳಲು ಧೈರ್ಯ ಬೇಕು, ಅವನಿಗೆ ಅದಿಲ್ಲ. ಅವನು ಸೀದಾ ಹಟ್ಟಿಗೆ ಬಂದು ಯಜಮಾನ ಚೌಡಪ್ಪ ದೊಡ್ಡಪ್ಪನನ್ನು, "ಒಂದು ಹೆಸರು ಬೇಕಲ್ಲ" ಅಂತ ಕೇಳಿದ. ದೊಡ್ಡಪ್ಪ, ಯಾವ ಕೇಸು, ಯಾತರ ಕೇಸು ಅಂತ ಒಂದು ಮಾತು ಕೇಳದೆ, ಪಾಳಿ ಯಾರದು ಅಂತ ಬೆರಳು ಮಡಚಿ ಎಣಿಸಿ ನಿನ್ನ ಹೆಸರು ಕೊಟ್ಟ. ನೀನು ಪೊಲೀಸ್ ಸ್ಟೇಷನ್ನಿನಲ್ಲಿ ತೋರಿಸಿದಲ್ಲೆಲ್ಲ ಸೈನ್ ಹಾಕಿ ಬಂದೆ. ಯಾತಕ್ಕೆ ಅಂತ ನೀನೂ ಕೇಳಲಿಲ್ಲ.

ಅಕ್ಟೋಬರ್ ಇಪ್ಪತ್ತೇಳರ ಸೋಮವಾರ ನಾನು ಕಡೂರು ಕೋರ್ಟಿನ ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದೆ. ಪಾಳಿಯನ್ನು ಕಣ್ಣಾರೆ ಕಂಡು ಬರೆಯಬೇಕಿತ್ತು. ನೀನು ಮುಂದಿನ ಪಾಳಿಯ ಬೀರಪ್ಪನ ಜೊತೆ, ಅವನ ಮನೆಯ ಬುತ್ತಿ ಹಿಡಿದು ಬಂದೆ. ನನ್ನನ್ನು ನೋಡಿ ಟವೆಲ್ಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ನಿಂತೆ. ಮಗಳು ನೋಡುತ್ತಿದ್ದಾಳೆ ಅಂತ. ಆರೋಪ ಓದಿ ಮುಗಿಯುವ ಮೊದಲೇ "ಒಪ್ಪಿದೀನಿ ಸ್ವಾಮಿ" ಅಂದೆ. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು, ಏನನ್ನು ಒಪ್ಪಿದಿರಿ, ನೀವೇ ಹೇಳಿ ನೋಡೋಣ ಅಂದರು. "ದನ ಮೇಯ್ಸಿದ್ದು ಸ್ವಾಮಿ." ಹಾಲಿನಲ್ಲಿದ್ದವರೆಲ್ಲ ನಕ್ಕರು. ಇದರಲ್ಲಿ ದನದ ಸುದ್ದಿಯೇ ಇಲ್ಲ, ನೀವು ಮರ ಕಡಿದು ಸರ್ಕಾರಿ ನೌಕರನ ಮೇಲೆ ಕೈ ಮಾಡಿದ್ದೀರಿ ಅಂತ ಇದೆ, ಇದಕ್ಕೆ ಜೈಲಾಗುತ್ತದೆ ಅಂತ ಅವರು ಬಿಡಿಸಿ ಹೇಳಿದರು. ನೀನು ಬೀರಪ್ಪನ ಮುಖ ನೋಡಿದೆ. ಅವನು ನೆಲ ನೋಡಿದ. ಆಗ ನೀನು ಅಂದೆ, "ಅದೂ ಒಪ್ಪಿದೀನಿ ಸ್ವಾಮಿ."

ನಾನು ಏನು ಮಾಡಿದೆ ಗೊತ್ತಾ ಅಪ್ಪಾ? ಹಾಸ್ಟೆಲ್ ಊಟದಲ್ಲಿ ಹುಳ ಸಿಕ್ಕಿದಾಗ ಡಿ.ಸಿ. ಆಫೀಸಿನ ಮುಂದೆ ಗಂಟಲು ಹರಿಯುವ ಹಾಗೆ ಘೋಷಣೆ ಕೂಗಿದವಳು, ಸಂಘಟನೆಯ ಹುಡುಗಿಯರು ಮೈಕು ಯಾರಿಗೆ ಅಂದರೆ ಹೇಮಾವತಿಗೆ ಅನ್ನುವಂಥವಳು, ಅಲ್ಲಿ ಎದ್ದು ನಿಂತು ಒಂದು "ಇಲ್ಲ" ಅನ್ನಲಿಲ್ಲ. ಬರೆದೆ. ಈಗ ನೋಟ್‌ಬುಕ್ ತೆರೆದಿಟ್ಟುಕೊಂಡೇ ಹೇಳುತ್ತಿದ್ದೇನೆ. "ಮಾಹಿತಿದಾರ-೭ ಎರಡನೆಯ ಬಾರಿಯೂ ಒಪ್ಪಿಕೊಂಡರು. ಸಭಾಂಗಣದಲ್ಲಿ ನಗು." ಮಾಹಿತಿದಾರ-೭ ಅಂದರೆ ನೀನು. ನನ್ನ ಅಪ್ಪ ಜೈಲಿನ ಬಾಗಿಲಿಗೆ ತಾನಾಗಿ ಹೋಗಿ ನಿಂತಿದ್ದಾನೆ, ನಾನು ನಗುವಿನ ಮುಂದೆ ಪೂರ್ಣವಿರಾಮ ಇಟ್ಟಿದ್ದೇನೆ. ಮ್ಯಾಜಿಸ್ಟ್ರೇಟರು ಇದನ್ನು ಹೀಗೆ ಬರೆದುಕೊಳ್ಳಲಾಗದು, ಇವರಿಗೆ ಉಚಿತ ವಕೀಲರನ್ನು ಕೊಡಿ ಅಂತ ಹೇಳಿ ನವೆಂಬರ್ ಹದಿನೇಳಕ್ಕೆ ಮುಂದೂಡಿದರು. ನಾನು ಆ ಸಾಲು ಮುಗಿಸಿ ತಲೆ ಎತ್ತುವಷ್ಟರಲ್ಲಿ ನೀನಿರಲಿಲ್ಲ. ಸ್ಫೂರ್ತಿ, ಈ ಭಾಗವನ್ನು ಇನ್ನೊಂದು ಸಲ ಓದು. ನಿಮ್ಮ ಮಾವ "ಹೋಗ್ಲಿ ಬುಡು" ಅಂದರೆ ಮೂರನೆಯ ಸಲವೂ ಓದು.

ಯೂನಿವರ್ಸಿಟಿಗೆ ಹೋಗಿ ನನ್ನ ಗೈಡ್ ಓಂಕಾರೇಶ್ ಸಾರ್ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ನೀರು ಕೊಟ್ಟರು, ಕೂರಿಸಿದರು, ಕೆಟ್ಟ ಮನುಷ್ಯ ಅಲ್ಲ. ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಹೊಳೆಯುವ ಕಣ್ಣಲ್ಲಿ, "ಹೇಮಾವತಿ, ಇದು ಅದ್ಭುತ ಕಣ್ರೀ. ಇದೇ ನಿಮ್ಮ ಥೀಸಿಸ್ಸಿನ ಮುಖ್ಯ ಅಧ್ಯಾಯ. ಜನ ತಮ್ಮದೇ ಕಾನೂನು ಕಟ್ಟಿಕೊಂಡಿದಾರೆ ನೋಡಿ!" ಅಂದರು. ಸಾರ್, ಅವರು ನಮ್ಮಪ್ಪ ಅಂದೆ. ಗೊತ್ತು ಗೊತ್ತು, ಹೆಸರು ಬದಲಾಯಿಸೋಣ ಅಂದರು. ಹೆಸರು ಬದಲಾಯಿಸಿದರೆ ಜೈಲಿಗೆ ಹೋಗುವ ಕಾಲು ಬೇರೆಯವರದಾಗುತ್ತದಾ? ನಮ್ಮ ಸಂಕಟಕ್ಕೆ ಇವರ ಹತ್ತಿರ ಒಳ್ಳೊಳ್ಳೆಯ ಪದಗಳಿವೆ. ಕಾನೂನಿನ ಬಹುತ್ವ ಅನ್ನುತ್ತಾರೆ, ಸ್ಥಳೀಯ ವಿವೇಕ ಅನ್ನುತ್ತಾರೆ. ಆ ಪದಗಳನ್ನು ನಾನೂ ಎರಡು ವರ್ಷ ಬಾಯಿಪಾಠ ಮಾಡಿದ್ದೇನೆ, ಸೆಮಿನಾರಿನಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅನ್ಯಾಯವನ್ನು ಮನೆಮನೆಗೆ ಸಮನಾಗಿ ಹಂಚಿಕೊಂಡರೆ ಅದು ನ್ಯಾಯ ಆಗುವುದಿಲ್ಲ ಅಂತ ಆ ಪದಗಳಲ್ಲಿ ಒಂದೂ ನನಗೆ ಹೇಳಿಕೊಡಲಿಲ್ಲ.

ಮೊನ್ನೆ ಚೌಡಪ್ಪ ದೊಡ್ಡಪ್ಪ ಮನೆಗೆ ಬಂದಿದ್ದ. ಜಗುಲಿಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, "ನೋಡವ್ವ ಈರಕ್ಕ, ಊರಿನ ಮಾತು ಊರಾಗೇ ಇರ್ಲಿ. ಹೊನ್ನ ಒಪ್ಕಂಡು ಬಂದ್ಬುಡ್ಲಿ. ಎಷ್ಟು ದಿನ ಒಳಗಿದ್ರೂ ನಿನ್ನ ದನ ನಾವು ನೋಡ್ಕಂತೀವಿ, ಬುತ್ತಿ ನಾವು ಕಳಿಸ್ತೀವಿ. ಪಾಳಿ ಗೀಳಿ ಅಂತ ಕೋರ್ಟಾಗೆ ಬಾಯಿಬಿಟ್ರೆ ಇಷ್ಟು ವರ್ಷ ಹೋಗಿಬಂದೋರೆಲ್ಲ ಸುಳ್ಳು ಹೇಳ್ದಂಗೆ ಆಯ್ತದೆ" ಅಂದ. ನಾನು ಬಾಯಿ ತೆಗೆಯುವ ಮೊದಲೇ ಅವ್ವ ಹಾಲಿನ ಕೊಡ ಕೆಳಗಿಟ್ಟಳು. ಹದಿನಾಲ್ಕು ದಿನ ಬಾಯಿ ಕಟ್ಟಿದ್ದವಳು, "ಸುಳ್ಳು ಹೇಳ್ದಂಗೆ ಏನು ಆಗಾದು ಭಾವ, ಹೇಳಿದ್ದೇ ಸುಳ್ಳು. ನೀನು ಹೆಸರು ಕೊಡುವಾಗ ಯಾತರ ಕೇಸು ಅಂತ ಕೇಳಾಕೆ ನಿನ್ನ ನಾಲಿಗೇನು ಸೇದಿಹೋಗಿತ್ತಾ? ನಿನ್ನ ಪಾಳಿ ಬಂದಿದ್ರೆ ಕೇಳ್ತಿದ್ದೆ" ಅಂದಳು. ದೊಡ್ಡಪ್ಪ ಉಗುಳಲೂ ಆಗದೆ ನುಂಗಲೂ ಆಗದೆ ಎದ್ದು ಹೋದ. ಸೋಮವಾರ ಯಾರ ಮನೆಯ ಬುತ್ತಿಯೂ ಬೇಡ ಅಂತ ಅವ್ವ ಬೀರಪ್ಪನ ಮನೆಗೆ ಹೋಗಿ ಹೇಳಿಬಂದಿದ್ದಾಳೆ. ಅವತ್ತಿನ ಬುತ್ತಿ ನಮ್ಮ ಮನೆಯದೇ. ರೊಟ್ಟಿ, ಹುಚ್ಚೆಳ್ಳು ಚಟ್ನಿ. ಹೊತ್ತುಕೊಂಡು ಬರುವವಳೂ ಅವಳೇ.

ಈ ಕಾಗದವನ್ನು ವಕೀಲೆ ಕೋಮಲಾ ಮೇಡಂ ಆಫೀಸಿನ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕೋರ್ಟು ನಿನಗೆ ಕೊಟ್ಟ ವಕೀಲೆ ಇವರೇ. ಇವರಿಗೆ ಕರಿಕೋಟು ಇದೆ, ನೀನು ಕಣ್ತುಂಬ ನೋಡಬಹುದು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಸೋಮವಾರ ನೀನು ಬಾರದಿದ್ದರೆ ವಾರಂಟ್ ಆಗುತ್ತದೆ, ಪೊಲೀಸರು ಲಕ್ಕವಳ್ಳಿಗೇ ಬಂದು ಅತ್ತೆಯ ಬಾಗಿಲು ಬಡಿಯುತ್ತಾರೆ. ಬಂದು ಮತ್ತೆ ಒಪ್ಪಿದೀನಿ ಅಂದರೆ ಮೂರನೆಯ ಸಲ ನಿನ್ನನ್ನು ಯಾರೂ ತಡೆಯುವುದಿಲ್ಲ. ಬಂದು, ನಾನು ಮಾಡಿಲ್ಲ ಅಂದರೆ ಕೇಸು ನಡೆಯುತ್ತದೆ, ಮಾಡಿಲ್ಲದವನು ಮೊದಲು ಯಾಕೆ ಒಪ್ಪಿದೆ ಅಂತ ಕೇಳುತ್ತಾರೆ, ಆಗ ನಿಜ ಹೇಳಬೇಕು. ನಿನಗೆ ಹೆದರಿಕೆ ಇರುವುದು ಜೈಲಿನದಲ್ಲ ಅಂತ ನನಗೆ ಗೊತ್ತು. ಒಪ್ಪಿದರೆ ಮಗಳ ಮುಂದೆ ಕಳ್ಳ, ಒಪ್ಪದಿದ್ದರೆ ಹಟ್ಟಿಯ ಮುಂದೆ ದ್ರೋಹಿ ಅಂತ ಎರಡಕ್ಕೂ ಸಿಗದೆ ಓಡಿಹೋದೆ. ಆದರೆ ದನ ಮೇಯಿಸಿದವನು ಮೇಯಿಸಿದೆ ಅನ್ನುವುದಕ್ಕೂ, ಯಾರೋ ತಳ್ಳಿದ್ದನ್ನು ನಾನು ತಳ್ಳಿದೆ ಅನ್ನುವುದಕ್ಕೂ ವ್ಯತ್ಯಾಸ ಇದೆ ಅಪ್ಪಾ. ಆ ಟ್ರ್ಯಾಕ್ಟರಿನವರು ಇವತ್ತು ಎಲ್ಲೋ ಕೂತು ನಿನ್ನ ಪಾಳಿಯ ನಿಯತ್ತಿಗೆ ನಗುತ್ತಿರುತ್ತಾರೆ. ನಾನು ಈ ಸಲ ಹಿಂದಿನ ಬೆಂಚಿನಲ್ಲಿ ಕೂರುವುದಿಲ್ಲ. ನಿನ್ನ ಪಕ್ಕ ಬಂದು ನಿಲ್ಲುತ್ತೇನೆ. ಕೈಯಲ್ಲಿ ನೋಟ್‌ಬುಕ್ ಇರುವುದಿಲ್ಲ.

ಅತ್ತೆಗೂ ಅಣೆಕಟ್ಟಿನ ಗೇಟಿನ ಡ್ಯೂಟಿಯ ಮಾವನಿಗೂ ನನ್ನ ನಮಸ್ಕಾರ. ಸ್ಫೂರ್ತಿಗೆ ಒಂದು ಪೆನ್ನು ಇಟ್ಟಿದ್ದೇನೆ, ಇಷ್ಟುದ್ದ ಓದಿದ ಕೂಲಿ. ಕರುವಿಗೆ ನೀನು ಬಂದ ಮೇಲೇ ಹೆಸರಿಡುವುದು ಅಂತ ಅವ್ವ ಹಟ ಹಿಡಿದಿದ್ದಾಳೆ. ನಿನ್ನ ಕಾಲಿಗೆ ಬಿದ್ದು, ನಿನ್ನ ಮೇಲೆ ಕೆಂಡದಂಥ ಸಿಟ್ಟು ಇಟ್ಟುಕೊಂಡೇ,

ನಿನ್ನ ಮಗಳು
ಹೇಮಿ

ತಾ.ಕ. ಸ್ಫೂರ್ತಿ, ಮಡಚಬೇಡ, ಇನ್ನೂ ಇದೆ. ಕಲ್ಲೇಶ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಕಾಗದ ಹಾಕಲು ಕವರ್ ಹುಡುಕುತ್ತಾ ಚೀಲ ತಡಕಿದಾಗ ಅಜ್ಜಂಪುರದಲ್ಲಿ ನೀನು ಸೈನ್ ಹಾಕಿದ ಹಾಳೆ ಸಿಕ್ಕಿತು ಅಪ್ಪಾ. ಅದರ ತಲೆಯಲ್ಲಿ ನಾನೇ ಬರೆದಿದ್ದೇನೆ. ದಿನಾಂಕ ಆಗಸ್ಟ್ ೧೯, ಸ್ಥಳ ಅಜ್ಜಂಪುರ ರೈಲ್ವೆ ಸ್ಟೇಷನ್, ಮಧ್ಯಾಹ್ನ ೧.೪೦. ಕಾವಲಿನಲ್ಲಿ ನೀನು ಗಾರ್ಡನ್ನು ತಳ್ಳಿದೆ ಅಂತ ಕೇಸಿನಲ್ಲಿರುವುದೂ ಅದೇ ಆಗಸ್ಟ್ ೧೯, ಮಧ್ಯಾಹ್ನ ಎರಡು ಗಂಟೆ! ಅಜ್ಜಂಪುರದಿಂದ ಕಾವಲಿಗೆ ಇಪ್ಪತ್ತು ನಿಮಿಷದಲ್ಲಿ ಹಾರಿ ಹೋಗಲಾಗುತ್ತದಾ? ಎರಡು ತಾರೀಖನ್ನೂ ನನ್ನ ಕೈಯಾರೆ ಬರೆದಿದ್ದೇನೆ, ಒಂದು ಹಾಳೆಯ ಮೇಲೆ, ಇನ್ನೊಂದು ನೋಟ್‌ಬುಕ್ಕಿನಲ್ಲಿ. ಹದಿನೇಳು ದಿನ ಕಣ್ಣಿಗೆ ಬೀಳಲಿಲ್ಲ. ಇದಕ್ಕೆ ನನ್ನನ್ನು ಯೂನಿವರ್ಸಿಟಿಗೆ ಕಳಿಸಿದೆ ನೀನು.

ಹಾಳೆ ಒಂದೇ ತೋರಿಸಿದರೆ ಮಗಳು ಈಗ ಬರೆದುಕೊಂಡಳು ಅನ್ನುತ್ತಾರಂತೆ. ರೆಕಾರ್ಡಿಂಗ್ ಕೊಡಬೇಕು ಅಂತ ಕೋಮಲಾ ಮೇಡಂ ಈಗ ತಾನೆ ಹೇಳಿದರು. ಫೋನಿನಲ್ಲಿ ತಾರೀಖು ಇದೆ, ಮಧ್ಯದಲ್ಲಿ ಸ್ಟೇಷನ್ನಿನ ಮೈಕು ರೈಲು ಬರುತ್ತಿದೆ ಅಂತ ಕೂಗಿದ್ದೂ ಇದೆ. ಆದರೆ ನಿನ್ನನ್ನು ಉಳಿಸುವ ಆ ರೆಕಾರ್ಡಿಂಗಿನಲ್ಲಿ ಇರುವುದೇ ಪಾಳಿಯ ಕಥೆ, ಒಂದೊಂದು ಮನೆಯ ಹೆಸರು ಸಮೇತ, ನಿನ್ನದೇ ದನಿಯಲ್ಲಿ. "ಇದು ನಿನ್ನ ಕಿವಿಗೆ ಮಾತ್ರ ಕಣಮ್ಮಿ" ಅಂತ ಕೊನೆಗೆ ನೀನು ಅಂದದ್ದೂ ಇದೆ. ಕೋರ್ಟಿನಲ್ಲಿ ಅದನ್ನು ಹಾಕಿದರೆ ಚೌಡಪ್ಪ ದೊಡ್ಡಪ್ಪ, ಬೀರಪ್ಪ, ಎಲ್ಲರ ಸುಳ್ಳೂ ಹೊರಗೆ ಬರುತ್ತದೆ. ಹಟ್ಟಿ ನಮ್ಮೊಂದಿಗೆ ಮಾತು ಬಿಡಬಹುದು.

ಆ ಹಾಳೆಯನ್ನು ಆವತ್ತು ನಾನು ನಿನಗೆ ಓದಿ ಹೇಳಿರಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಅಂತ ಸೈನ್ ಹಾಕಿಸಿಕೊಂಡೆ. ಪೊಲೀಸ್ ಸ್ಟೇಷನ್ನಿನಲ್ಲಿ ಹಾಕಿಸಿಕೊಂಡವರಿಗೂ ನನಗೂ ಏನು ವ್ಯತ್ಯಾಸ ಉಳಿಯಿತು? ಅದರ ನಾಲ್ಕನೆಯ ಸಾಲು ಹೀಗಿದೆ: "ನನ್ನನ್ನು ಕೇಳದೆ ನನ್ನ ದನಿಯನ್ನು ಬೇರೆ ಯಾರಿಗೂ ಕೇಳಿಸತಕ್ಕದ್ದಲ್ಲ." ಸ್ಫೂರ್ತಿ, ಈ ಸಾಲನ್ನು ಎರಡು ಸಲ ಓದು.

ಈಗ ಕೇಳುತ್ತಿದ್ದೇನೆ ಅಪ್ಪಾ. ರೆಕಾರ್ಡಿಂಗ್ ಕೊಡಲಾ? ಕೊಡು ಅಂದರೂ ಬಾ, ಬೇಡ ಅಂದರೂ ಬಾ. ಸೋಮವಾರ ಮೊದಲ ಬಸ್ಸಿಗೆ ಹೊರಡು, ಕಡೂರು ಬಸ್ ಸ್ಟ್ಯಾಂಡಿನಲ್ಲಿ ನಾನೂ ಅವ್ವನೂ ಬುತ್ತಿ ಹಿಡಿದು ನಿಂತಿರುತ್ತೇವೆ. ಬೇಡ ಅಂದರೆ ನಿನ್ನ ಕಣ್ಣೆದುರೇ ಅಳಿಸಿಹಾಕುತ್ತೇನೆ, ಬೇರೆ ದಾರಿ ಹುಡುಕುತ್ತೇನೆ. ಆದರೆ ಈ ಕ್ಷಣ ನೀನು ತಲೆಯಾಡಿಸುತ್ತಾ "ಹೂಂ ಕಣಮ್ಮಿ, ನೀನು ಹೆಂಗಂತೀಯೋ ಹಂಗೆ" ಅನ್ನಲು ಬಾಯಿ ತೆರೆದಿದ್ದೀಯ, ನನಗೆ ಇಲ್ಲಿಂದಲೇ ಕಾಣುತ್ತಿದೆ. ಅನ್ನಬೇಡ. ಸ್ಫೂರ್ತಿಯ ಕೈಯಲ್ಲಿ ಇದನ್ನು ಮೊದಲಿನಿಂದ ಇನ್ನೊಮ್ಮೆ ಓದಿಸು. ಪೂರ್ತಿ ಕೇಳು. ಕೇಳಿದ ಮೇಲೆ ಹೇಳು.